ನಡೆದೇ ಇಳಿಯುವ ಹರಕೆ

ಬದನಗುಪ್ಪೆಯ ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೇಲಿನ ಹಲಗೆಯಿಂದ ರಟ್ಟಿನ ಡಬ್ಬ ಇಳಿಸಬೇಕಾದರೆ ಯಾರೂ ಸ್ಟೂಲು ಹುಡುಕುವುದಿಲ್ಲ, ಶಶಿರೇಖಾಳನ್ನು ಕೂಗುತ್ತಾರೆ. ದಸರೆ ಕಳೆದ ಮೊದಲ ಶುಕ್ರವಾರವೂ ಕೂಗಿದರು. ಹೊಲಿದ ಅಂಗಿಗಳಲ್ಲಿ ತಪ್ಪು ಹುಡುಕುವ ತನ್ನ ಮೇಜು ಬಿಟ್ಟು ಬಂದು, ಹಿಮ್ಮಡಿ ಕೂಡ ಎತ್ತದೆ ಡಬ್ಬ ತೆಗೆದುಕೊಟ್ಟಳು. ತಿರುಗುವಾಗ ಮಾತ್ರ ಅವಳ ಎಡಗೈ ಹಲಗೆಯ ಕಂಬವನ್ನು ಹಿಡಿಯಿತು.

ಅದೇ ಮೇಜಿನಲ್ಲಿ ಕೆಲಸ ಮಾಡುವ ಉಮ್ಮತ್ತೂರಿನ ನೀಲಾವತಿ ಅದನ್ನು ನೋಡಿದಳು.

"ನಿನ್ನ ನೋಡಕ್ಕೆ ಬರೋ ಗಂಡು ಏಣಿ ಹೊತ್ಕಂಡು ಬರ್ಬೇಕು ಕಣಮ್ಮಿ. ಈಗ ನೋಡುದ್ರೆ ಜತೇಲಿ ಒಂದ್ ಕುರ್ಚಿನೂವೆ ತರ್ಬೇಕು."

"ಬರ್ಲಿ ಬುಡು. ಏಣಿ, ಕುರ್ಚಿ, ಗಂಡು, ಮೂರ್ನೂ ಆ ಡಬ್ಬಕ್ಕೆ ತುಂಬಿ ಮ್ಯಾಲೆ ಮಡಗ್ತೀನಿ."

ಸಾಲಿನ ಹೆಂಗಸರೆಲ್ಲ ನಕ್ಕರು. ನಗುವಿನ ನಡುವೆ ಸೂಪರ್‌ವೈಸರ್ ಮಲ್ಲಿಕಾರ್ಜುನಸ್ವಾಮಿ ಬಂದು ನಿಂತರು. ದಾರ ಕತ್ತರಿಸುವ ಮೇಜಿನಲ್ಲಿ ಒಂದು ಜಾಗ ಖಾಲಿಯಿದೆ, ಕೂತು ಮಾಡುವ ಕೆಲಸ, ಹೆಸರು ಬರೆಸಲೇ ಎಂದು ಕೇಳಿದರು. ಈ ಮಾತನ್ನು ಅವರು ಹಿಂದೆಯೂ ಕೇಳಿದ್ದರು.

"ಬ್ಯಾಡ ಸಾರ್, ನಿಂತೇ ಮಾಡ್ತೀನಿ. ಮಂಗಳವಾರ ಒಂದ್ ದಿನ ರಜ ಕೊಡಿ ಸಾಕು."

ಮಂಗಳವಾರ ಬೆಂಗಳೂರಿನಲ್ಲಿ ಅವಳ ಮಂಡಿ ಆಟಕ್ಕೆ ಸಿದ್ಧವೇ ಎಂದು ನೆಗೆಸಿ ನೋಡುವ ಪರೀಕ್ಷೆ ಇತ್ತು. ಒಂದು ಸಂಸ್ಥೆಯ ಮಹಿಳಾ ವಾಲಿಬಾಲ್ ತಂಡಕ್ಕೆ ಅವಳು ವರ್ಷ ವರ್ಷದ ಕರಾರಿನ ಮೇಲೆ ಆಡುತ್ತಿದ್ದಳು. ಜೂನ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಸೋತಾಗ ತಂಡದ ಕೋಚ್ ಶಂಕರ್ ದಸರೆ ಕಳೆಯುವವರೆಗೆ ಅವಳ ಜಾಗ ತುಂಬದೆ ಉಳಿಸಿಕೊಂಡಿದ್ದರು. ಈ ಸಲ ಪಾಸಾದರೆ ತಂಡವೂ ಉಂಟು, ಕಾಯಂ ನೌಕರಿಯೂ ಉಂಟು. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಕೂತರೆ ಮಂಡಿ ಹೋಯಿತೆಂದು ತಾನೇ ಒಪ್ಪಿಕೊಂಡ ಹಾಗೆ.

ಶಶಿರೇಖಾ ಹಂಗಳದವಳು. ಅಪ್ಪ ಗುರುಪಾದಸ್ವಾಮಿಗೆ ಊರಾಚೆ ಜಮೀನಿದೆ; ಚೆಂಡುಹೂ, ಅರಿಶಿನ ಬೆಳೆಯುತ್ತಾರೆ. ಕಾಡು ಹತ್ತಿರವಾದ್ದರಿಂದ ಬೇಲಿ ಕಾಯುವುದೇ ಅರ್ಧ ಬೇಸಾಯ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಓದುವಾಗ ಅವಳು ಬಾಗಿಲಿನ ಮೇಲ್ಪಟ್ಟಿಯನ್ನು ನಿಂತಲ್ಲಿಂದಲೇ ಮುಟ್ಟುತ್ತಿದ್ದಳು. ದೈಹಿಕ ಶಿಕ್ಷಣದ ಮಾದೇಶ್ ಮೇಷ್ಟ್ರು ಅದನ್ನು ನೋಡಿ, ಅವಳನ್ನು ಕೊನೆಯ ಬೆಂಚಿನಿಂದ ನೆಟ್ಟಿನ ಹತ್ತಿರಕ್ಕೆ ಕರೆತಂದರು. ಅಲ್ಲಿಂದ ಮೈಸೂರಿನ ಕ್ರೀಡಾ ಹಾಸ್ಟೆಲ್, ರಾಜ್ಯದ ಕಿರಿಯರ ತಂಡ, ಆಮೇಲೆ ಬೆಂಗಳೂರು. ಅವಳು ಬ್ಲಾಕರ್. ನೆಟ್ಟಿನ ನಡುವೆ ನಿಂತು, ಎದುರಿನವರು ಚೆಂಡನ್ನು ಹೊಡೆಯುವ ಗಳಿಗೆಗೆ ಸರಿಯಾಗಿ ನೆಗೆದು ಎರಡೂ ಅಂಗೈಯಿಂದ ತಡೆಯಬೇಕು. ಇಡೀ ಸಂಜೆ ನೆಗೆಯುವುದು, ಇಳಿಯುವುದು. ಚಪ್ಪಾಳೆ ಹೆಚ್ಚಾಗಿ ಹೊಡೆಯುವವರಿಗೇ ಸಿಗುತ್ತದೆ.

ಸಂಸ್ಥೆಯ ಪಂದ್ಯಗಳಿಲ್ಲದ ತಿಂಗಳಲ್ಲಿ ಕೇರಳದವರು ಅವಳನ್ನು ತಮ್ಮ ಟೂರ್ನಿಗಳಿಗೆ ಅತಿಥಿ ಆಟಗಾರ್ತಿಯಾಗಿ ಕರೆಯುತ್ತಿದ್ದರು. ಸುಲ್ತಾನ್ ಬತ್ತೇರಿಯಲ್ಲಿ ಒಮ್ಮೆ, ಚೆಂಡುಹೂವಿನ ಲಾರಿಯ ಜೊತೆ ಹೋಗಿದ್ದ ಗುರುಪಾದಸ್ವಾಮಿ ಹಗ್ಗದ ಬೇಲಿಯ ಹಿಂದೆ ನಿಂತು ಮಗಳ ಆಟ ನೋಡಿದರು. ಜನ "ಚೇಚ್ಚೀ, ಚೇಚ್ಚೀ" ಎಂದು, ಮಲಯಾಳದಲ್ಲಿ ಅಕ್ಕನನ್ನು ಕರೆಯುವ ಹಾಗೆ, ಕಿರುಚುತ್ತಿದ್ದರು. "ಅವ್ಳು ನನ್ ಮಗ್ಳು ಕಣ್ಲಾ" ಎಂದು ಅವರು ಲಾರಿ ಡ್ರೈವರಿಗೆ ಹೇಳಿದರಂತೆ. ಡ್ರೈವರ್ ಹೇಳಿದ್ದರಿಂದ ಅವಳಿಗೆ ಗೊತ್ತಾಯಿತು.

ಮರುವರ್ಷ ಒಂದು ಪಂದ್ಯದಲ್ಲಿ ನೆಗೆದು ಇಳಿಯುವಾಗ ಎದುರು ತಂಡದವಳ ಪಾದ ನೆಟ್ಟಿನ ಕೆಳಗೆ ಈಚೆಗೆ ಬಂದಿತ್ತು. ಶಶಿರೇಖಾಳ ಬಲಗಾಲು ಅದರ ಮೇಲೆ ಬಿತ್ತು. ಮಂಡಿಯೊಳಗಿನ ನಾರು ಹರಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ ಅವ್ವ ಪುಟ್ಟಮಲ್ಲಮ್ಮ ಹೊರಗೆ ನೆಲದ ಮೇಲೆ ಕೂತು ಮಲೆಯ ಮಾದಪ್ಪನಿಗೆ ಹರಕೆ ಹೊತ್ತಳು. ಮಂಡಿ ಸರಿಹೋಗಲಿ, ಮಗಳು ಮಲೆಯ ಬುಡದ ತಾಳುಬೆಟ್ಟದಿಂದ ಬರಿಗಾಲಲ್ಲಿ ನಡೆದೇ ಗುಡಿಗೆ ಹತ್ತಿ ಬರುತ್ತಾಳೆ. ಅಷ್ಟಾಗಿದ್ದರೆ ಸಾಕಿತ್ತು. ಮಲೆಗೆ ನಡೆದು ಹೋಗುವವರು ಸಾಮಾನ್ಯವಾಗಿ ಬಸ್ಸಿನಲ್ಲಿ ಇಳಿಯುತ್ತಾರೆ. ಒಳಗಿನಿಂದ ಡಾಕ್ಟರು ಬರುವುದು ತಡವಾದಂತೆ ಪುಟ್ಟಮಲ್ಲಮ್ಮನಿಗೆ ದಿಗಿಲು ಹೆಚ್ಚಿ, ಇನ್ನೊಂದು ಮಾತು ಸೇರಿಸಿಬಿಟ್ಟಳು: ನಡೆದೇ ಇಳಿಯುತ್ತಾಳೆ.

ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದ ಶಾಂತಿ ಎಂಬ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು: ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಕೆಟ್ಟದ್ದು, ವರ್ಷ ತುಂಬುವವರೆಗೆ ಬೇಡ. ಅವಳು ಹೇಳಿಕೊಟ್ಟ ವ್ಯಾಯಾಮವನ್ನೆಲ್ಲ ಶಶಿರೇಖಾ ಮನೆಯಲ್ಲಿ ಮಾಡಿದಳು. ನೆಗೆತ ಅಳೆಯಲು ಹಾಸ್ಟೆಲಿನಲ್ಲಿ ಬೆರಳಿಗೆ ಚಾಕ್‌ಪುಡಿ ಹಚ್ಚಿಕೊಂಡು ಗೋಡೆ ಮುಟ್ಟುತ್ತಿದ್ದರು. ಹಂಗಳದ ಹಿತ್ತಿಲಲ್ಲಿ ಅವಳು ಅರಿಶಿನ ಹಚ್ಚಿಕೊಂಡಳು. ಬಿಳಿ ಗೋಡೆಯ ಮೇಲೆ ಹಳದಿ ಬೆರಳಚ್ಚುಗಳು ವಾರ ವಾರ ಮೇಲೇರಿದವು. ಮೇ ಕೊನೆಗೆ ಅವು ಮೊದಲಿನ ಎತ್ತರವನ್ನು ಮುಟ್ಟಿದವು.

ಜೂನ್‌ನ ಪರೀಕ್ಷೆಗೆ ಸ್ವಲ್ಪ ದಿನವಿತ್ತು; ಶಾಂತಿ ಹೇಳಿದ ವರ್ಷ ಇನ್ನೂ ತುಂಬಿರಲಿಲ್ಲ. ಬೆಟ್ಟಕ್ಕೆ ಹೋಗೋಣ ಎಂದವಳು ಶಶಿರೇಖಾಳೇ.

"ಪರೀಕ್ಸೆ ಮುಗುಸ್ಕಂಡು ಓಗನ ಕಣಮ್ಮಿ. ಮಾದಪ್ಪ ಎಲ್ಲೂ ಓಡೋಗಕ್ಕಿಲ್ಲ."

"ಮಂಡಿ ಸರಿಯಾಯ್ತಲ್ಲವ್ವ. ಕೊಟ್ಟ ಮಾತ ಬಾಕಿ ಮಡಿಕಂಡು ಎಂಗೆ ಕೋರ್ಟಿಗೆ ಇಳೀಲಿ?"

ಹತ್ತುವಾಗ ಏನೂ ಆಗಲಿಲ್ಲ. ಮುಂದಿನವರು "ಉಘೇ" ಎಂದಾಗ ಹಿಂದಿನವರು "ಉಘೇ" ಎನ್ನುತ್ತಿದ್ದರು, ಅವಳೂ ಅಂದಳು. ದರ್ಶನ ಮುಗಿದ ಮೇಲೆ ಪುಟ್ಟಮಲ್ಲಮ್ಮ ಬಸ್ ನಿಲ್ದಾಣದ ಕಡೆ ತಿರುಗಿದಳು.

"ಬಾ, ಬಸ್ನಾಗೆ ಓಗನ. ಎದರ್ಕಂಡು ನಾನೇ ಬಾಯಿಗೆ ಬಂದಂಗೆ ಅಂದ್ಬುಟ್ಟೆ. ತಪ್ಪುಕಾಣ್ಕೆ ಆಕುದ್ರಾಯ್ತದೆ."

"ಅರ್ಧ ಒಪ್ಪುಸಿ ಅರ್ಧ ಬುಟ್ರೆ ಅದೂ ಒಂದ್ ಹರಕೆನಾ? ನೀನು ಬಸ್ನಾಗೆ ಓಗು. ನಾನು ನಡೀತೀನಿ."

ಪುಟ್ಟಮಲ್ಲಮ್ಮ ಬಸ್ಸು ಹತ್ತಲಿಲ್ಲ. ಮಗಳ ಹಿಂದೆಯೇ ನಡೆದಳು. ಮೆಟ್ಟಿಲುಗಳು ಎತ್ತರೆತ್ತರ, ನಡುವೆ ಜಾರುವ ಕಲ್ಲು. ಅರ್ಧ ದಾರಿ ದಾಟಿದ ಮೇಲೆ ಶಶಿರೇಖಾ ಪ್ರತಿ ಮೆಟ್ಟಿಲಿಗೂ ಮೊದಲು ಬಲಗಾಲನ್ನೇ ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತರತೊಡಗಿದಳು. ತಾಳುಬೆಟ್ಟ ಮುಟ್ಟಿದಾಗ ಮಂಡಿ ತೆಂಗಿನಕಾಯಿಯಷ್ಟು ದಪ್ಪವಾಗಿತ್ತು. ಬೆಂಗಳೂರಿನ ಪರೀಕ್ಷೆಯಲ್ಲಿ ಅವಳು ಒಂದು ಸಲ ನೆಗೆದಳು, ಎರಡನೆಯದಕ್ಕೆ ಕಾಲು ಏಳಲಿಲ್ಲ. ಏನಾಯಿತೆಂದು ಶಂಕರ್ ಕೇಳಿದರು. ಮೆಟ್ಟಿಲಿಳಿಯುವಾಗ ಉಳುಕಿತು ಎಂದಳು. ಸುಳ್ಳೇನೂ ಅಲ್ಲ.

ಆಮೇಲೆ ಮನೆಯಲ್ಲಿ ಬೆಟ್ಟದ ಮಾತು ನಿಂತುಹೋಯಿತು. ಹರಕೆ ಹೊತ್ತದ್ದು ತಾನು ಎಂಬ ಕೊರಗು ತಾಯಿಗಿತ್ತು, ಇಳಿದದ್ದು ತಾನು ಎಂಬುದು ಮಗಳಿಗಿತ್ತು. ಪುಟ್ಟಮಲ್ಲಮ್ಮ ದಿನಾ ಹರಳೆಣ್ಣೆ ಬಿಸಿಮಾಡಿ ಮಂಡಿಗೆ ಉಜ್ಜಿದಳು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಶಶಿರೇಖಾ ಗುಂಡ್ಲುಪೇಟೆಯಿಂದ ಹೊರಡುವ ಕಾರ್ಖಾನೆಯ ವ್ಯಾನು ಹತ್ತಿದಳು.

ಆ ಶುಕ್ರವಾರ ವ್ಯಾನಿಳಿದು, ಬಸ್ಸು ಹಿಡಿದು ಹಂಗಳಕ್ಕೆ ಬಂದಾಗ ಇನ್ನೂ ಬೆಳಕಿತ್ತು. ಚೀಲ ಇಟ್ಟವಳೇ ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದಳು. ಬೆಟ್ಟದಿಂದ ಬಂದ ಮೇಲೆ ಆ ಗೋಡೆಯ ಹತ್ತಿರ ಹೋಗಿರಲಿಲ್ಲ; ಮಂಡಿಯನ್ನು ಮಂಗಳವಾರಕ್ಕೆ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದಳು. ಮೊದಲ ನೆಗೆತದ ಅಚ್ಚು ಮೇ ತಿಂಗಳದ್ದಕ್ಕಿಂತ ಗೇಣಿನಷ್ಟು ಕೆಳಗೆ ಬಿತ್ತು. ಎರಡನೆಯದು ಅದಕ್ಕೂ ಕೆಳಗೆ. ಮೂರನೆಯ ಸಲ ಮಂಡಿ ಒಳಗೇ ಸರಿದ ಹಾಗಾಗಿ, ಅವಳು ಅಂಗೈಯನ್ನು ಗೋಡೆಗೊತ್ತಿ ನಿಂತಳು. ಎದೆಯ ಮಟ್ಟದಲ್ಲಿ ಇಡೀ ಹಸ್ತ ಹಳದಿಯಾಗಿ ಮೂಡಿತು.

ಪುಟ್ಟಮಲ್ಲಮ್ಮ ಹಿತ್ತಿಲ ಬಾಗಿಲಲ್ಲಿದ್ದಳು. ಎಷ್ಟು ಹೊತ್ತಿನಿಂದ ಎಂದು ತಿಳಿಯಲಿಲ್ಲ.

"ಇನ್ನೊಂದ್ ಹರಕೆ ಕಟ್ಕತೀನಿ ಕಣಮ್ಮಿ," ಎಂದಳು. "ಈ ಸಲ ನಾನೇ ನಡೀತೀನಿ, ನೀನು ಬರೋದೇ ಬ್ಯಾಡ."

"ಬ್ಯಾಡ ಕಣವ್ವ. ಮಾದಪ್ಪನ್ನ ಇನ್ನೇನೂ ಕೇಳ್ಬ್ಯಾಡ."

ಶಶಿರೇಖಾ ಹಿತ್ತಿಲ ಕಲ್ಲಿನ ಮೇಲೆ ಕೂತಳು. ಕೈ ತೊಳೆಯದೆಯೇ ಶಂಕರ್‌ಗೆ ಫೋನು ಮಾಡಿ, ಮಂಗಳವಾರ ಬರುವುದಿಲ್ಲ ಎಂದಳು. ಅವರು, ಹಾಸನದ ಒಬ್ಬ ಹುಡುಗಿ ಕಾಯುತ್ತಿದ್ದಾಳೆ, ಅವಳನ್ನು ತೆಗೆದುಕೊಳ್ಳುತ್ತೇನೆ ಎಂದರು.

"ತಗಳಿ ಸಾರ್. ನೆಟ್ಟಿನ ಕೆಳ್ಗೆ ಕಾಲ್ ನೋಡ್ಕಂಡು ಇಳಿ ಅನ್ನಿ."

ಮಾರನೆಯ ದಿನ ಅವಳು ಮಲ್ಲಿಕಾರ್ಜುನಸ್ವಾಮಿಯವರನ್ನು ಹುಡುಕಿಕೊಂಡು ಹೋಗಿ, ರಜೆ ಬೇಡ ಎಂದಳು. ಆ ಜಾಗ ಇನ್ನೂ ಖಾಲಿಯಿದೆಯೇ ಎಂದು ಕೇಳಿದಳು. ಇತ್ತು. ಸೋಮವಾರದಿಂದ ಶಶಿರೇಖಾ ದಾರ ಕತ್ತರಿಸುವ ಮೇಜಿನಲ್ಲಿ ಕೂರುತ್ತಾಳೆ.