ಗ ಪ್ರತಿ

ಐವತ್ತರ ದಶಕದ ಕೊನೆಯಲ್ಲಿ ನಾನು ಯಲಹಂಕದಲ್ಲಿ ಮನೆ ಮಾಡಿಕೊಂಡು, ಪೇಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಮಿಕ್ಕ ಹೊತ್ತಿನಲ್ಲಿ ಹಳೆಯ ಕಾವ್ಯವೊಂದರ ಸಂಪಾದನೆ. ನನ್ನಲ್ಲಿದ್ದ ಎರಡು ತಾಳೆಗರಿ ಪ್ರತಿಗಳಿಗೆ ಕ, ಖ ಎಂದು ಗುರುತಿಟ್ಟಿದ್ದೆ. ಎರಡರಲ್ಲೂ ಕೊನೆಯ ಹನ್ನೆರಡು ಪದ್ಯಗಳನ್ನು ಹುಳು ತಿಂದಿತ್ತು. ಅವು ಸಿಗದೆ ಅಚ್ಚಿಗೆ ಕೊಡಕೂಡದೆಂದು ನನ್ನ ಗುರುಗಳ ಅಪ್ಪಣೆ.

ಅಲ್ಲಾಳಸಂದ್ರದ ರೈತರ ಮನೆಯೊಂದರಲ್ಲಿ ಅದೇ ಕಾವ್ಯದ ಓಲೆಕಟ್ಟು ಇದೆಯೆಂದು ತಿಳಿಯಿತು. ಅವರು ಅದನ್ನು ಬಿಚ್ಚುತ್ತಿದ್ದುದು ವರ್ಷಕ್ಕೊಮ್ಮೆ, ಮಹಾನವಮಿಯ ಪೂಜೆಗೆ. ಆ ದಿನವೇ ಸೈಕಲ್ ತುಳಿದುಕೊಂಡು ಹೋದೆ.

“ಇವತ್ತು ಓದಂಗಿಲ್ಲ ಸಾಮಿ,” ಎಂದರು ಯಜಮಾನರು. “ಪೂಜೆಗಿಟ್ಟ ಪುಸ್ತಕ ಓದ್ಬಾರ್ದು ಅಂತ ಮೇಷ್ಟ್ರಿಗೆ ನಾವು ಯೋಳ್ಬೇಕಾ?”

“ನಾಳೆ?”

“ಬೆಳಕಾಗೋದ್ರೊಳಗೆ ಕಟ್ಟಿಟ್ಬಿಡ್ತೀವಿ.”

ಹೀಗೆ ಮೂರು ವರ್ಷ ಹೋಗಿ ಒಬ್ಬಟ್ಟು ತಿಂದು ಬಂದೆ. ಒಬ್ಬಟ್ಟಿನ ಬಗ್ಗೆ ನನ್ನ ತಕರಾರಿಲ್ಲ.

ನಾಲ್ಕನೆಯ ವರ್ಷ, ಹಿತ್ತಿಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಯಜಮಾನರ ತಾಯಿ, ಅದರಲ್ಲಿ ನೋಡಬೇಕಾದ್ದೇನು ಎಂದು ಕೇಳಿದರು. ಹೇಳಿದೆ. ಹುಲ್ಲು ಹಾಕುತ್ತಲೇ ಹನ್ನೆರಡೂ ಪದ್ಯ ಒಪ್ಪಿಸಿಬಿಟ್ಟರು. ಅಕ್ಷರ ಬಾರದವರು, ಅವರ ಮಾವ ದಿನಾ ಸಂಜೆ ಓದುತ್ತಿದ್ದುದನ್ನು ಕೇಳಿ ಕಲಿತಿದ್ದರಂತೆ.

“ಮೊದಲೇ ಹೇಳಬಾರದಿತ್ತೇ ಅಜ್ಜಿ?”

“ನೀವು ಓಲೆ ತಾನೇ ಕೇಳಿದ್ದು?”

ಆ ದಿನ ಬರೆಯುವಂತೆಯೂ ಇಲ್ಲವಾದ್ದರಿಂದ ಮರುದಿನ ಹೋಗಿ ಬರೆದುಕೊಂಡೆ. ಗ ಪ್ರತಿ ಸಿಕ್ಕಿತೆಂದು ಗುರುಗಳಿಗೆ ತಿಳಿಸಿದಾಗ, ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದರು.

“ಹಲ್ಲು ನಾಲ್ಕು ಬಿದ್ದಿವೆ. ಉಳಿದಂತೆ ಸಮಗ್ರ.”

ಅವರು ನಗಲಿಲ್ಲ. ಪೀಠಿಕೆಯಲ್ಲಿ ಹಾಗೆಯೇ ಬರೆಯಲು ಹೇಳಿದರು.

ಪುಸ್ತಕ ಅಚ್ಚಾಯಿತು. ಮುಂದಿನ ಮಹಾನವಮಿಗೆ ಒಂದನ್ನು ಒಯ್ದು ಕೊಟ್ಟೆ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಓಲೆಯ ಪಕ್ಕದಲ್ಲಿಟ್ಟರು.

“ನಾನ್ ಯೋಳಿದ್ದು ಸರ್ಯಾಗಿ ಬಂದೈತಾ ಕೇಳ್ಬೇಕು. ನಾಳೆ ಕಟ್ಟಾಕ್ ಬಿಡಾಕಿಲ್ಲ, ಬಂದು ಓದಿ ಸಾಮಿ.”

ಬರುತ್ತೇನೆ ಎಂದೆ. ಮರುದಿನ ಉತ್ತರಪತ್ರಿಕೆ ತಿದ್ದುತ್ತಾ ಕುಳಿತೆ. ಅಜ್ಜಿ ಎಲ್ಲಿ ಹೋಗುತ್ತಾರೆ ಎಂದುಕೊಂಡೆ. ನನ್ನ ಕೆಲಸಕ್ಕೆ ನಾಲ್ಕು ವರ್ಷ ತಪ್ಪದೆ ಅಲೆದವನು, ಅವರ ಕೆಲಸಕ್ಕೆ ಒಂದು ದಿನ ಹೋಗಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ದೀಪಾವಳಿಯ ನಂತರ ಹೋದೆ. ಅಜ್ಜಿ ತೀರಿಕೊಂಡು ವಾರವಾಗಿತ್ತು.

“ಅವ್ವ ಮೂರ್ ದಿನ ಜಗಲಿ ಮ್ಯಾಲೆ ಕುಂತು ಕಾದ್ಲು,” ಎಂದರು ಯಜಮಾನರು. “ಆಮೇಲೆ ಕಟ್ಟಿಟ್ವಿ.”

ಓಲೆಯ ಜೊತೆಗೆ ನನ್ನ ಪುಸ್ತಕವೂ ಅದೇ ಕೆಂಪು ಬಟ್ಟೆಯೊಳಗೆ ಸೇರಿತ್ತು. ಬಿಚ್ಚಿ ಕೊಡಿ, ಅವರ ಹನ್ನೆರಡು ಪದ್ಯಗಳನ್ನು ಈಗಲಾದರೂ ಇಲ್ಲಿ ಕೂತು ಓದುತ್ತೇನೆ ಎಂದೆ.

“ಮಾರ್ನಾಮಿಗೆ ಬನ್ನಿ ಸಾಮಿ,” ಎಂದರು.