ಬಿಸಿ ಚೀಲ ಮೊದಲು

ಅವರ ಬಲಗೈ ಮೊಣಕೈವರೆಗೆ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು ಬಣ್ಣ. ಕಾಫಿ ಹಣ್ಣಿನ ರಸ ಹತ್ತಿ ಹತ್ತಿ ಕೆಳಗಿನ ಅರ್ಧ ಕಂದು ಹಿಡಿದುಹೋಗಿತ್ತು, ಯಾವ ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ. ಆ ಕೈಯನ್ನು ಹಣ್ಣು ತುಂಬಿದ ಚೀಲದ ನಡುಮಧ್ಯಕ್ಕೆ ತೂರಿಸಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರ ಹಾಗೆ ಒಂದು ಗಳಿಗೆ ನಿಲ್ಲುತ್ತಿದ್ದರು. ಆಮೇಲೆ ಕೈ ಹೊರಗೆ ತೆಗೆದು ಒಂದೋ “ಇದು ಮೊದ್ಲು” ಅನ್ನುತ್ತಿದ್ದರು, ಇಲ್ಲವೇ “ಇದು ಕಾಯ್ಲಿ” ಅನ್ನುತ್ತಿದ್ದರು.

ನಾವೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಮಡಿಕೇರಿಯಲ್ಲಿ ಮುಗಿಯುತ್ತಿದ್ದ ಕಾಗದಪತ್ರ ಈಗ ಬೆಂಗಳೂರಿಗೆ ಹೋಗಿ ಬರಬೇಕು ಎಂದು ಗಂಡಸರು ಕೂತಲ್ಲಿ ನಿಂತಲ್ಲಿ ಗೊಣಗುತ್ತಿದ್ದ ಕಾಲ ಅದು. ಮಾದಾಪುರದಿಂದ ಎರಡು ಮೈಲಿ ದೂರದಲ್ಲಿ ನಾವು ಹನ್ನೆರಡು ಮನೆಯವರು ಸೇರಿ ಹೊಳೆ ಪಕ್ಕ ಒಂದು ಪಲ್ಪರ್ ಮನೆ ಕಟ್ಟಿಕೊಂಡಿದ್ದೆವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಒಂದೇ, ಅದನ್ನು ತಿರುಗಿಸುವ ಎಣ್ಣೆ ಎಂಜಿನ್ನೂ ಒಂದೇ. ದೊಡ್ಡ ಎಸ್ಟೇಟೊಂದರಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದ ಮೇಸ್ತ್ರಿಯನ್ನು ಅದಕ್ಕೆ ಕರೆಸಿದ್ದರು.

ಕೊಯ್ದ ಹಣ್ಣಿನ ಸಿಪ್ಪೆ ಅದೇ ದಿನ ಬಿಡಿಸಬೇಕು. ಚೀಲದಲ್ಲೇ ರಾತ್ರಿ ಕಳೆದರೆ ಒಳಗೊಳಗೇ ಬೆಂದು ಹುಳಿಯುತ್ತದೆ, ಬೀಜಕ್ಕೆ ನಾತ ಹಿಡಿಯುತ್ತದೆ. ಕರೆಂಟಿಲ್ಲದ ಜಾಗ, ಎಂಜಿನ್ನು ಕತ್ತಲಾದ ಮೇಲೆ ಓಡಿಸುವಂತಿರಲಿಲ್ಲ. ಹಾಗಾಗಿ ಸಂಜೆಯ ಸಾಲಿನಲ್ಲಿ ಹಿಂದೆ ಬಿದ್ದವರ ಗತಿ ಅಷ್ಟೇ. ಮೇಸ್ತ್ರಿ ಬರುವ ಮೊದಲು ಯಾರು ಮೊದಲು ಬಂದರೋ ಅವರದ್ದು ಮೊದಲು ಎಂಬ ಲೆಕ್ಕ ನಡೆಯುತ್ತಿತ್ತು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಮೊದಲು ಬರುವವರು ಯಾರು? ಎತ್ತಿನ ಗಾಡಿ ಇದ್ದವರು. ನಾನು ಗುಡ್ಡದ ಮೇಲಿಂದ ತಲೆಹೊರೆಯಲ್ಲಿ ತರುವವಳು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಇಪ್ಪತ್ತಾರಕ್ಕೇ ಗಂಡ ಹೋದರು, ಮೂರು ಎಕರೆ ತೋಟ ನನ್ನ ತಲೆಗೆ ಬಂತು. ಮೊದಲ ವರ್ಷ ನನ್ನ ಕಾಫಿಯನ್ನು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನವರು ನಾತ ಎಂದು ವಾಪಸು ಕಳಿಸಿದರು. ಗಂಡನ ಅಣ್ಣ, ನಮ್ಮ ದೊಡ್ಡ ಭಾವ, ಜಗಲಿಯಲ್ಲಿ ಕೂತು ಹೇಳಿದ್ದು ಇಷ್ಟು: “ಬರುವ ವರ್ಷನೂ ಹೀಗೇ ಆದ್ರೆ ತೋಟ ನಾನು ನೋಡ್ಕೊಳ್ತೇನೆ. ನೀನು ನಮ್ಮ ಮನೆಗೆ ಬಂದು ಒಳಗಿನ ಕೆಲಸ ನೋಡ್ಕೊ.” ಒಳಗಿನ ಕೆಲಸ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಯುವ ತನಕ ಇನ್ನೊಬ್ಬರ ಒಲೆ ಮುಂದೆ ಕೂರುವುದು.

ಮೇಸ್ತ್ರಿ ಬಂದ ಮೊದಲ ದಿನವೇ ಅಂಗಳದಲ್ಲಿದ್ದ ಚೀಲಗಳಿಗೆಲ್ಲ ಕೈ ಹಾಕಿ ನೋಡಿ ಸಾಲನ್ನೇ ಬದಲಾಯಿಸಿಬಿಟ್ಟರು. ಗಾಡಿಯ ಸಾಹುಕಾರರಿಗೆ ಸಿಟ್ಟು ಬಂತು.

“ನನ್ನ ಗಾಡಿ ಮೂರಕ್ಕೇ ಬಂದಿದೆಯಲ್ಲ?”

“ಗಾಡಿ ಬಂದಿದ್ದು ಮೂರಕ್ಕೆ ಸ್ವಾಮಿ. ಹಣ್ಣು ಕೊಯ್ದಿದ್ದು ಊಟ ಆದ್ಮೇಲೆ. ಈ ಕಾಕನದ್ದು ಬೆಳಿಗ್ಗೆ ಏಳರದ್ದು, ಆಗ್ಲೇ ಬಿಸಿ ಏರಿದೆ. ನಿಮ್ಮದು ಇನ್ನೂ ಎರಡು ಗಂಟೆ ಕಾಯ್ತದೆ, ಇದು ಕಾಯೋದಿಲ್ಲ.”

ಕಾಕ ಎಂದರೆ ಕೆಳಗಿನ ತಿರುವಿನಲ್ಲಿ ಒಂದೂವರೆ ಎಕರೆ ಮಾಡಿಕೊಂಡಿದ್ದ ಮಾಪಿಳ್ಳೆ ಮುದುಕರು. ಗಂಡ ಹೆಂಡತಿ ಇಬ್ಬರೇ ಕೊಯ್ದು ಹೊತ್ತು ತರುತ್ತಿದ್ದರು. ನನ್ನನ್ನು ಮಗಳಂತೆ “ಮೋಳೇ” ಎಂದು ಕರೆಯುತ್ತಿದ್ದರು.

ಯಾವುದು ಯಾವುದರ ಮುಂದೆ, ಯಾವುದು ಯಾವುದರ ಹಿಂದೆ ಎನ್ನುವುದು ಮೇಸ್ತ್ರಿಗೆ ಒಂದು ಹುಚ್ಚು. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ ನಾನು ಕೂತು ಬೆಲ್ಲ ಕುಟ್ಟುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಲ್ಲೇ ಚಡಪಡಿಸತೊಡಗಿದರು. “ಅಮ್ಮಾ, ನೀರಿಟ್ಟು ಆಮೇಲೆ ಬೆಲ್ಲ ಕುಟ್ಟಬಾರದಾ? ಅಲ್ಲಿ ಒಲೆ ಸುಮ್ನೆ ಕೂತಿದೆಯಲ್ಲ, ನಂಗೆ ಹೊಟ್ಟೆ ಉರೀತದೆ.” ಇಂಥವರನ್ನು ಕಟ್ಟಿಕೊಂಡ ಹೆಂಗಸು ಹೇಗೆ ಬಾಳಿದಳಪ್ಪಾ ಎಂದು ನಗು ಬಂತು. ಆದರೆ ಅವತ್ತಿನಿಂದ ನಾನು ಮೊದಲು ನೀರಿಡುತ್ತೇನೆ, ಅದೂ ನಿಜ.

ಆ ವರ್ಷ ಕೊಯ್ಲು ಏರಿದ್ದಾಗ ಮೇಸ್ತ್ರಿಯ ಬಲಗೈ ಬೆರಳುಗಳು ಎಂಜಿನ್ನಿನ ಬೆಲ್ಟಿಗೆ ಸಿಕ್ಕಿಕೊಂಡವು. ಮರುದಿನ ಕೈಗೆ ದಪ್ಪ ಪಟ್ಟಿ ಕಟ್ಟಿಕೊಂಡೇ ಬಂದರು. ಎಡಗೈಯಲ್ಲಿ ತನಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ ಎಂದರು. ಅಂಗಳದಲ್ಲಿ ಇಷ್ಟು ಜನ ಗಂಡಸರಿದ್ದರೂ ನನ್ನನ್ನು ಕರೆದರು. “ಅಮ್ಮಾ, ದಿನಾ ಅನ್ನದ ಪಾತ್ರೆ ಮುಟ್ಟಿ ನೋಡೋ ಕೈ ನಿಮ್ಮದು. ನೀವು ನೋಡಿ ಹೇಳಿ.”

ಸಾಹುಕಾರರ ಚೀಲ ಬಿಸಿಯಾಗಿತ್ತು, ಬಿಸಿಯಾಗಿದೆ ಎಂದೆ. ಕಾಕನ ಚೀಲಕ್ಕೆ ಕೈ ಹಾಕಿದರೆ ಒಳಗೆ ಕೆಂಡ. ನನ್ನದು ಉಗುರುಬೆಚ್ಚಗಿತ್ತು. ತಲೆಯೆತ್ತಿ ನೋಡಿದೆ, ಹೊತ್ತು ಆಗಲೇ ಮರದ ತುದಿಗೆ ಇಳಿದಿತ್ತು. ಸಾಲಿನಲ್ಲಿ ಒಬ್ಬರದ್ದು ಉಳಿಯುವುದಂತೂ ಖಂಡಿತ. ಭಾವನ ಮುಖ ಕಣ್ಣ ಮುಂದೆ ಬಂತು. “ಕಾಕನದ್ದು ತಣ್ಣಗಿದೆ, ನನ್ನದು ಸುಡ್ತಿದೆ” ಎಂದು ಮೇಸ್ತ್ರಿಗಷ್ಟೇ ಕೇಳುವಂತೆ ಹೇಳಿಬಿಟ್ಟೆ. ನಾಲಿಗೆ ತೊದಲಲೂ ಇಲ್ಲ.

ಮೇಸ್ತ್ರಿ ನನ್ನದನ್ನು ಮುಂದೆ ಹಾಕಿಸಿದರು. ಕಾಕನ ಎರಡು ಚೀಲ ಬೆಳಗಿನ ತನಕ ಹಾಗೇ ಉಳಿದವು.

ಬೆಳಿಗ್ಗೆ ಕಾಕನ ಚೀಲದ ಬಾಯಿ ಬಿಚ್ಚಿದಾಗ ಹುಳಿ ವಾಸನೆ ಹೊಳೆಯವರೆಗೂ ಹೋಯಿತು. ಕಾಕ ಬಗ್ಗಿ ಒಂದು ಹಿಡಿ ತೆಗೆದು ಮೂಸಿ, ಮತ್ತೆ ಚೀಲಕ್ಕೇ ಹಾಕಿದರು. ಸಂಜೆ ತಣ್ಣಗಿದ್ದ ಚೀಲ ಬೆಳಿಗ್ಗೆಗೆ ಇಷ್ಟು ಕೆಡುವುದಿಲ್ಲ ಎಂಬುದು ಮೇಸ್ತ್ರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ನಾನು ನೆಲ ನೋಡುತ್ತಿದ್ದೆ. ಅವರು ಹೇಳಿದ್ದು ಒಂದೇ ಮಾತು: “ಇವತ್ತೂ ನೀವೇ ನೋಡಿ ಅಮ್ಮಾ.”

ಅವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನದೇ ಕೊನೆಗೆ ಬಿತ್ತು, ಎರಡು ಬುಟ್ಟಿ ಉಳಿದವು. ಎಲ್ಲರೂ ಹೋದ ಮೇಲೆ ಮೇಸ್ತ್ರಿ ಹತ್ತಿರ ಬಂದು, “ನಿನ್ನೆ ಯಾಕೆ ಹಾಗೆ ಹೇಳಿದ್ರಿ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಳು ತಡೆಯಲಾಗಲಿಲ್ಲ. ಭಾವನ ಮಾತು, ಹೋದ ವರ್ಷದ ನಾತ, ಎಲ್ಲವನ್ನೂ ಹೇಳಿದೆ.

ಕೇಳುತ್ತಲೇ ಅವರು ನನ್ನ ಎರಡು ಬುಟ್ಟಿ ಹಣ್ಣನ್ನು ಎಡಗೈಯಲ್ಲೇ ತೊಟ್ಟಿಯ ಹರಿಯುವ ನೀರಿಗೆ ಸುರಿದು ಹರಡಿದರು. “ಹೀಗೆ ನೀರಲ್ಲಿದ್ರೆ ಬೆಳಿಗ್ಗೆ ತನಕ ಬಿಸಿ ಏರೋದಿಲ್ಲ. ತೊಟ್ಟಿಯಲ್ಲಿ ಎರಡು ಚೀಲಕ್ಕಷ್ಟೇ ಜಾಗ ಇರೋದು. ಕಾಕನದ್ದು ಬಿಸಿ ಅಂತ ಗೊತ್ತಾಗಿದ್ರೆ ಅದನ್ನೂ ಹೀಗೇ ಹರಡ್ತಿದ್ದೆ.” ಆ ಮಾತು ಕೇಳಿ ನೆಲಕ್ಕಿಳಿದುಹೋದೆ. ಈಗಲೇ ಕಾಕನ ಮನೆಗೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ.

“ಅದನ್ನ ನಾನು ನೋಡ್ಕೊಳ್ತೇನೆ. ನಿಮ್ಮೊಬ್ಬರ ತಪ್ಪಲ್ಲ. ಎಲ್ಲರದ್ದೂ ಮುಗಿಯೋ ಹಾಗಿದ್ರೆ ನೀವು ಸುಳ್ಳು ಹೇಳ್ತಿದ್ರಾ? ಮಧ್ಯಾಹ್ನದ ತನಕ ಈ ಎಂಜಿನ್ ಸುಮ್ನೆ ನಿಂತಿರ್ತದೆ. ಆಮೇಲೆ ಹನ್ನೆರಡು ಮನೆಯವರೂ ಒಟ್ಟಿಗೆ ಬಂದು ಬೀಳ್ತೀರಿ. ಸಾಲು ಎಷ್ಟು ಚಂದ ಮಾಡಿದ್ರೂ ಹೊತ್ತು ಸಾಕಾಗೋದಿಲ್ಲ.”

ನಮ್ಮಲ್ಲಿ ಪದ್ಧತಿಯೇ ಹಾಗಿತ್ತು. ಬೆಳಗಿನಿಂದ ಕೊಯ್ದದ್ದನ್ನೆಲ್ಲ ಗಿಡದ ಬುಡದಲ್ಲೇ ಇಟ್ಟು, ಸಂಜೆ ಒಂದೇ ಸಲ ಅಳೆದು ಸಾಗಿಸುವುದು. ಅಪ್ಪ ಅಜ್ಜ ಹಾಗೇ ಮಾಡಿದ್ದರು, ನಾವೂ ಮಾಡುತ್ತಿದ್ದೆವು. ಮೇಸ್ತ್ರಿ ಆ ಭಾನುವಾರ ಪಟ್ಟಿ ಕಟ್ಟಿದ ಕೈಯಲ್ಲೇ ಹನ್ನೆರಡು ಮನೆಯ ಮೆಟ್ಟಿಲನ್ನೂ ಹತ್ತಿ ಇಳಿದರು. ಅರ್ಧ ದಿನದ ಹಣ್ಣನ್ನು ಸಂಜೆಗೆ ಕಾಯದೆ ಅಳೆಯಿರಿ. ಕಾಕನದ್ದು ಹನ್ನೊಂದಕ್ಕೆ ಬರಲಿ, ಗುಡ್ಡದ ಮೇಲಿನವರದ್ದು ಹನ್ನೆರಡಕ್ಕೆ, ದೊಡ್ಡವರದ್ದು ಎರಡರ ಮೇಲೆ. ಸಂಜೆಯ ಅರ್ಧಕ್ಕೂ ಇದೇ ಸರದಿ ಎಂದು ಒಬ್ಬೊಬ್ಬರಿಗೂ ಹೊತ್ತು ಗೊತ್ತುಮಾಡಿದರು. ಸಾಹುಕಾರರು ಮಾತ್ರ, “ನನ್ನ ಎತ್ತು ದಿನಕ್ಕೆರಡು ಸಲ ಓಡಾಡ್ಬೇಕಾ?” ಎಂದು ರೇಗಿದರಂತೆ.

“ಓಡಾಡ್ಲಿ ಸ್ವಾಮಿ. ಈಗ ಗಾಡಿ ಅರ್ಧ ಖಾಲಿ ಇರ್ತದಲ್ಲ, ಬರುವ ದಾರಿಯಲ್ಲಿ ಆ ಗುಡ್ಡದ ಅಮ್ಮನ ಚೀಲನೂ ಹಾಕ್ಕೊಂಡು ಬರ್ಲಿ. ನಿಮಗೂ ಪುಣ್ಯ, ಎತ್ತಿಗೂ ಪುಣ್ಯ.”

ಆ ಮನುಷ್ಯ ಬೈದರೋ ನಕ್ಕರೋ ನನಗೆ ಗೊತ್ತಿಲ್ಲ. ಸೋಮವಾರ ಅವರ ಗಾಡಿ ನಮ್ಮ ಗುಡ್ಡದ ಬುಡದಲ್ಲಿ ನಿಂತಿತ್ತು.

ಆ ವಾರದ ನಂತರ ಒಂದು ಚೀಲವೂ ರಾತ್ರಿ ಉಳಿಯಲಿಲ್ಲ. ಅದೇ ಯಂತ್ರ, ಅದೇ ಎಂಜಿನ್ನು, ಅದೇ ನಾವು. ಬೇಸಿಗೆಯಲ್ಲಿ ಭಾವ ನಮ್ಮ ಕಣಕ್ಕೆ ಬಂದು, ಒಣಗಿದ ಬೀಜವನ್ನು ಬೊಗಸೆಯಲ್ಲೆತ್ತಿ ಮೂಸಿದರು. ಇನ್ನೊಂದು ಕಡೆಯಿಂದ ತೆಗೆದು ಮತ್ತೆ ಮೂಸಿದರು. ಆಮೇಲೆ “ಮಜ್ಜಿಗೆ ಇದ್ರೆ ಕೊಡು” ಎಂದರು. ತೋಟದ ಮಾತು ಅವತ್ತೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ.

ಮೇಸ್ತ್ರಿಯ ಬೆರಳಿಗೆ ಸ್ಪರ್ಶ ಮರಳಲೇ ಇಲ್ಲ. ಚೀಲಕ್ಕೆ ಕೈ ಹಾಕುವ ಕೆಲಸ ನನಗೇ ಉಳಿಯಿತು. ಏಳು ಕೊಯ್ಲು ಅವರ ಪಕ್ಕ ನಿಂತು ಅದನ್ನು ಮಾಡಿದೆ. ವಯಸ್ಸಾಗಿ ಅವರು ನಾಪೋಕ್ಲು ಕಡೆ ಮಗಳ ಮನೆಗೆ ಹೋದ ಮೇಲೆ ಪಲ್ಪರ್ ಮನೆಯನ್ನು ನಾನೇ ನಡೆಸಿದೆ. ಎರಡು ವರ್ಷದ ಮೇಲೆ, ಕೊಯ್ಲಿನ ನಡುವೆಯೇ, ಅವರು ತೀರಿಹೋದ ಸುದ್ದಿ ಬಂತು. ಕಾಕ ಮತ್ತು ನಾನು ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು.

ವಾಪಸು ಬರುವಾಗ ಕಾಕ ಹೇಳಿದರು: “ಒಳ್ಳೆ ಮನುಷ್ಯ ಮೋಳೇ. ಆ ವರ್ಷ ನನ್ನ ಎರಡು ಚೀಲ ಹಾಳಾಯ್ತಲ್ಲ, ಅವತ್ತೇ ಸಂಜೆ ಮನೆಗೆ ಬಂದಿದ್ದ. ಸಾಲು ಹಾಕಿದ್ದು ನಾನು, ತಪ್ಪು ನನ್ನದು, ಬೇರೆ ಯಾರನ್ನೂ ಕೇಳ್ಬೇಡ ಅಂದ. ನಾನು ಊರೆಲ್ಲ ಹೇಳ್ಕೊಂಡು ಬಂದೆ, ಮೇಸ್ತ್ರಿಗೆ ಕೆಲಸ ಮರೆತುಹೋಗಿದೆ ಅಂತ. ಒಂದು ದಿನವೂ ಎದುರು ಮಾತಾಡ್ಲಿಲ್ಲ.”

ಅಷ್ಟು ವರ್ಷ ಆ ಮಾತನ್ನು ನಾನೂ ಕೇಳಿದ್ದೆ. ಯಾರೋ ಹೊಟ್ಟೆಕಿಚ್ಚಿನವರು ಹಬ್ಬಿಸಿದ್ದು ಎಂದುಕೊಂಡಿದ್ದೆ. ಬಸ್ಸಿನ ಸೀಟು ಗಟ್ಟಿಯಾಗಿ ಹಿಡಿದುಕೊಂಡು, ಕೈ ಹಾಕಿ ಸುಳ್ಳು ಹೇಳಿದವಳು ನಾನೇ ಎಂದೆ. ಗದ್ದೆ ಮುಗಿಯಿತು, ತೋಟ ಶುರುವಾಯಿತು. ಇಳಿಯುವ ಜಾಗ ಬಂದಾಗ ಕಾಕ ಎದ್ದು ನಿಂತು, “ನಾಳೆ ನನ್ನ ಹಣ್ಣು ಹನ್ನೊಂದಕ್ಕೆ ಬರ್ತದೆ. ಕೈ ಹಾಕಿ ನೋಡಿ ಹೇಳು” ಎಂದರು.

ಮರುದಿನ ಹನ್ನೊಂದಕ್ಕೆ ಬಂದರು. ಕೈ ಹಾಕಿದೆ. ತಣ್ಣಗಿತ್ತು. ಪಕ್ಕದಲ್ಲಿದ್ದ ಇನ್ನೊಬ್ಬರ ಚೀಲ ಬಿಸಿಯಾಗಿತ್ತು.

“ಕಾಯ್ಬೇಕು ಕಾಕಾ,” ಎಂದೆ.

“ಸರಿ ಮೋಳೇ,” ಎಂದು ಕಾಕ ಚೀಲದ ಪಕ್ಕ ಕೂತು ಬೀಡಿ ಹಚ್ಚಿದರು.