ಬೇಲಿಯಾಚೆಯಿಂದ ಬಂದ ಹೊಗಳಿಕೆ

ಹನ್ನೆರಡನೆಯ ವಯಸ್ಸಿನಲ್ಲಿ ನನ್ನ ಮಗಳು ತನ್ನ ಚಿತ್ರದ ಪುಸ್ತಕವನ್ನು ನನಗೆ ತೋರಿಸುವುದನ್ನು ನಿಲ್ಲಿಸಿದಳು. ಅದಕ್ಕೆ ಕಾರಣ ನಾನೇ, ಬೇರೆ ಯಾರನ್ನೂ ದೂರುವಂತಿಲ್ಲ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದು ನನ್ನ ಉದ್ಯೋಗ. ಅದು 2021; ಇನ್ನೂ ಮನೆಯಿಂದಲೇ ಕೆಲಸ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಏಪೆಕ್ಸ್ ಊರಿನ ನಮ್ಮ ಮನೆಯ ಊಟದ ಮೇಜೇ ಆಫೀಸು. ಬೆಳಿಗ್ಗೆಯಿಂದ ತಪ್ಪು ಹುಡುಕಿದ ಕಣ್ಣು ಸಂಜೆ ಐದು ಗಂಟೆಗೆ ಲಾಗೌಟ್ ಆಗುವುದಿಲ್ಲ. ಮಗಳು ನಮ್ಮಜ್ಜಿಯ ಫೋಟೊ ನೋಡಿಕೊಂಡು ಮೂರು ದಿನ ಕೂತು ಬರೆದ ಚಿತ್ರವನ್ನು ಅದೇ ಮೇಜಿಗೆ ತಂದಿದ್ದಳು. "ಕಿವಿ ಇಷ್ಟು ಕೆಳಗೆ ಇರತ್ತಾ?" ಎಂದೆ. ಅವಳು ಪುಸ್ತಕ ಮುಚ್ಚಿಕೊಂಡು ಮೇಲೆ ಹೋದಳು. ಆಮೇಲೆ ಅದು ನನ್ನೆದುರು ತೆರೆಯಲಿಲ್ಲ.

ನನಗೆ ಆ ಪುಸ್ತಕ ಮತ್ತೆ ಬೇಕಿತ್ತು. ಅವಳೇ ತಂದು, ಮೇಜಿನ ಮೇಲಿಟ್ಟು, "ನೋಡು" ಅನ್ನಬೇಕಿತ್ತು. ಆದರೆ ಕೇಳುವುದು ಹೇಗೆ? ಮೈಸೂರಿನಲ್ಲಿ ನಾನು ಬೆಳೆದ ಮನೆಯಲ್ಲಿ ಮಕ್ಕಳನ್ನು ಎದುರಿಗೆ ಹೊಗಳಿದರೆ ಕಣ್ಣು ಬೀಳುತ್ತದೆ ಎನ್ನುತ್ತಿದ್ದರು. ಯಾರಾದರೂ ನನ್ನನ್ನು ಜಾಣೆ ಎಂದರೆ ಅಮ್ಮ ತಕ್ಷಣ, "ಅಯ್ಯೋ, ಎಲ್ಲಿ ಬಂತು ಬಿಡಿ, ಶುದ್ಧ ಸೋಮಾರಿ" ಎನ್ನುತ್ತಿದ್ದಳು. ನನ್ನ ನಾಲಿಗೆಯೂ ಅಷ್ಟೇ ಕಲಿತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಚೀನೀ ತಾಯಿ ಇದ್ದರು. ಅವರ ಹುಡುಗಿಯೂ ನನ್ನ ಮಗಳೂ ಒಂದೇ ಸ್ಕೂಲ್ ಬಸ್ಸು ಹತ್ತುತ್ತಿದ್ದರು. ನಮ್ಮಿಬ್ಬರ ಹಿತ್ತಿಲಿನ ನಡುವೆ ಎದೆಮಟ್ಟದ ಮರದ ಬೇಲಿ. ನನ್ನ ಕೂಗಾಟ ಅವರಿಗೆ, ಅವರದು ನನಗೆ, ಭಾಷೆ ತಿಳಿಯದಿದ್ದರೂ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಒಂದು ದಿನ ಅವರು ಬೇಲಿಯ ಮೇಲೆ ಮೊಣಕೈ ಊರಿ, ಮಕ್ಕಳಿಗೆ ಚೀನೀ ಭಾಷೆ ಕಲಿಸುವ ಶನಿವಾರದ ಶಾಲೆಯಲ್ಲಿ ತಾಯ್ತಂದೆಯರಿಗೆ ಒಂದು ತರಗತಿ ಶುರುವಾಗಿದೆ, ಮಕ್ಕಳನ್ನು ಹೊಗಳುವುದನ್ನು ಕಲಿಸುತ್ತಾರಂತೆ, ಬರುತ್ತೀರಾ ಎಂದರು. "ಒಬ್ಬಳೇ ಹೋಗೋಕೆ ನನಗೆ ನಾಚಿಕೆ," ಎಂದೂ ಸೇರಿಸಿದರು.

ಹೋದೆ. ಇಪ್ಪತ್ತು ಚೀನೀ ತಾಯ್ತಂದೆಯರ ನಡುವೆ ಕನ್ನಡದವಳು ನಾನೊಬ್ಬಳೇ. ಪಾಠ ಮಾಡುತ್ತಿದ್ದ ಚಿಕ್ಕ ವಯಸ್ಸಿನ ಹೆಂಗಸು ಎರಡು ಮಾತು ಚೀನೀಯಲ್ಲಿ ಹೇಳಿದರೆ ನನಗಾಗಿ ಒಂದು ಮಾತು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. 'ಗುಡ್ ಜಾಬ್' ಅಂದರೆ ಸಾಲದು. ಮಗು ಏನು ಮಾಡಿತೋ ಅದನ್ನು ನೋಡಿ, ನೋಡಿದ್ದನ್ನು ಹೇಳಿ ಎಂದಳು. ಸುಲಭ ಎನ್ನಿಸಿತು. ಆಮೇಲೆ ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸಿದಳು. ಒಬ್ಬ ತಂದೆ ಚೀಟಿ ಹಿಡಿದು, ವಿಮಾನ ತಡವಾಗಿದೆ ಎಂದು ಮೈಕಿನಲ್ಲಿ ಹೇಳುವವರ ಹಾಗೆ ಓದಿದರು. ಎಲ್ಲರೂ ನಕ್ಕರು. ಅವರು ನಗದೆ ಕೂತು, ಚೀಟಿಯನ್ನು ಮಡಿಸುತ್ತ ಮಡಿಸುತ್ತ, ಚಿಕ್ಕಂದಿನಲ್ಲಿ ತನಗೆ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ ಎಂದರು. ಆಮೇಲೆ ಯಾರೂ ನಗಲಿಲ್ಲ.

ನನ್ನ ಸರದಿ ಬಂದಾಗ ನನ್ನ ಮಗಳ ಬಗ್ಗೆ ಮಾತೇ ಹೊರಡಲಿಲ್ಲ. ಪಕ್ಕದ ಮನೆಯವರ ಹುಡುಗಿಯ ಬಗ್ಗೆ ಮಾತ್ರ ಸಲೀಸಾಗಿ ಬಂತು: ಶಾಲೆಯ ಓಟದಲ್ಲಿ ಕೊನೆಯವಳಾಗಿ ಬಂದರೂ ನಡುವೆ ಎಲ್ಲೂ ನಿಲ್ಲಲಿಲ್ಲ, ನಾನು ನೋಡಿದೆ ಎಂದೆ. ಅವರು ನನ್ನ ಮಗಳ ಬಗ್ಗೆ ಅಷ್ಟೇ ಸಲೀಸಾಗಿ ಹೇಳಿದರು. ವಾಪಸು ಬರುವಾಗ ಕಾರಿನಲ್ಲಿ ಒಪ್ಪಂದವಾಯಿತು. ತಮ್ಮ ಮಗುವನ್ನು ತಾವೇ ಹೊಗಳಲು ಬಾರದು, ಇನ್ನೊಬ್ಬರ ಮಗುವನ್ನಾದರೆ ಧಾರಾಳವಾಗಿ ಬರುತ್ತದೆ. ಹಾಗಾದರೆ ಅದಲು ಬದಲು ಮಾಡಿಕೊಂಡರೇನು? ನಮ್ಮಂಥ ಬುದ್ಧಿವಂತರು ಈ ಭೂಮಿಯ ಮೇಲೆ ಬೇರೆ ಇಲ್ಲವೆಂದು ಬೀಗುತ್ತ ಇಬ್ಬರೂ ಮನೆ ಸೇರಿದೆವು.

ತರಗತಿಯಲ್ಲಿ ಕೊಟ್ಟ ಹಾಳೆಯಲ್ಲಿ ವಾರಕ್ಕೆ ಏಳು ಚೌಕವಿತ್ತು. ದಿನಾ ಮಗಳಲ್ಲಿ ನಾನು ಕಂಡದ್ದನ್ನು ಒಂದೊಂದರಲ್ಲಿ ಬರೆದು, ಫೋಟೊ ತೆಗೆದು ಅವರಿಗೆ ಕಳಿಸುತ್ತಿದ್ದೆ. ಅವರು ಬಸ್ ಸ್ಟಾಪಿನಲ್ಲೋ ಬೇಲಿಯ ಬಳಿಯೋ ಅದನ್ನು ಅವಳಿಗೆ ಹೇಳುತ್ತಿದ್ದರು. ಅವರು ಕಳಿಸಿದ್ದನ್ನು ಅವರ ಹುಡುಗಿಗೆ ನಾನು ಹೇಳುತ್ತಿದ್ದೆ. ಬರೆಯಲು ಕೂತಾಗ ನನಗೇ ಆಶ್ಚರ್ಯವಾಯಿತು. ಇಷ್ಟೆಲ್ಲ ನಾನು ನೋಡುತ್ತಲೇ ಇದ್ದೆ. ಅವಳು ಪೆನ್ಸಿಲ್ ಹಿಡಿಯುವ ರೀತಿ, ನಾಲಿಗೆಯ ತುದಿ ಹೊರಗಿಟ್ಟು ನೆರಳು ತುಂಬುವುದು, ಬಾಗಿಲ ಸಂದಿನಿಂದ ಕಂಡದ್ದೆಲ್ಲ ಪುಟಗಟ್ಟಲೆ ಬಂತು.

ಮಗಳು ಅರಳಿದಳು. ಪುಸ್ತಕ ಬೇಲಿಯಾಚೆ ಹೋಗತೊಡಗಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ: ಅವಳು ಪುಟ ತಿರುಗಿಸುತ್ತಾಳೆ, ಆಂಟಿ ತಲೆ ಬಗ್ಗಿಸಿ ನೋಡುತ್ತಾರೆ. ನನಗೆ ಸಂತೋಷವಾಗುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಹೇಳುವ ಬಾಯಿ ಅವರದು, ಮಾತು ನನ್ನದು ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಒಂದು ಭಾನುವಾರ ಅವಳು ಪುಸ್ತಕವನ್ನು ಊಟದ ಮೇಜಿನ ಮೇಲೆ ತೆರೆದೇ ಬಿಟ್ಟು ಹೋದಳು. ಬೇಕೆಂದೇ ಬಿಟ್ಟಿದ್ದಳೆಂದು ನನಗೆ ಈಗಲೂ ಅನ್ನಿಸುತ್ತದೆ. ನಾನೇನು ಮಾಡಿದೆ? ಫೋನ್ ತೆಗೆದು, ಆ ಚಿತ್ರ ಎಷ್ಟು ಚೆನ್ನಾಗಿದೆಯೆಂದು ಪಕ್ಕದ ಮನೆಗೆ ಬರೆದೆ.

ಮರುವರ್ಷ ಬೇಸಿಗೆಯಲ್ಲಿ ಅವರ ಗಂಡನಿಗೆ ಅಟ್ಲಾಂಟದ ಕಡೆ ಕೆಲಸವಾಗಿ, ಅಲ್ಲಿನ ಕಮ್ಮಿಂಗ್ ಎಂಬ ಊರಿನಲ್ಲಿ ಮನೆ ಕೊಂಡು ಹೊರಟುಹೋದರು. ಹೊರಡುವ ದಿನ ನನ್ನ ಕೈ ಹಿಡಿದು, "ಇನ್ನು ನೀವೇ ಹೇಳಿ. ನಾನೂ ಹೇಳ್ತೀನಿ," ಎಂದರು. ತಲೆಯಾಡಿಸಿದೆ. ಅವರು ಹೋದ ಮೇಲೆ ಮಗಳು ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ನಾನು ಮೂರು ವಾರ ಕಳೆದೆ.

ಕೊನೆಗೆ, ಬಣ್ಣ ಕೊಡಿಸುತ್ತೇನೆ ಬಾ ಎಂದು ಅವಳನ್ನು ಕಾರಿನಲ್ಲಿ ಪಕ್ಕದೂರು ಕ್ಯಾರಿಗೆ ಕರೆದುಕೊಂಡು ಹೊರಟೆ. ದಾರಿಯಲ್ಲೇ ಶುರು ಮಾಡಬೇಕೆಂದು ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದೆ. ಅವಳು ಟಿಶ್ಯೂ ಬೇಕೆಂದು ತನ್ನ ಸೀಟಿನೆದುರಿನ ಡಬ್ಬಿ ತೆರೆದಳು. ಆ ಹಾಳೆಗಳೆಲ್ಲ ಅಲ್ಲೇ ಇದ್ದವು. ಎಸೆಯಲು ಮನಸ್ಸು ಬಾರದೆ ನಾನೇ ಇಟ್ಟಿದ್ದೆ.

"ಅಮ್ಮ, ವಾಟ್ ಈಸ್ ದಿಸ್?" ಎಂದು ಓದತೊಡಗಿದಳು. ಮಂಗಳವಾರ, ಮೂಗನ್ನು ಆರು ಸಲ ಅಳಿಸಿ ಬರೆದಳು, ಬೇಸರ ಮಾಡಿಕೊಳ್ಳಲಿಲ್ಲ. ಬುಧವಾರ, ಕೈಬೆರಳು ಬರೆಯಲು ಹೆದರಲಿಲ್ಲ.

"ಆಂಟಿ ನನಗೆ ಇದೇ ಹೇಳಿದ್ರು. ಸೇಮ್ ವರ್ಡ್ಸ್," ಎಂದಳು.

"ಹೌದು ಪುಟ್ಟಾ, ಬರೆದಿದ್ದು ನಾನು."

"ಸೋ ಆಂಟಿ ನೋಡಿಲ್ಲ."

"ನಾನು ನೋಡಿದ್ದೆ ಕಣೇ."

"ಇದು ಹೋಮ್‌ವರ್ಕಾ?"

ಅಲ್ಲ ಎಂದುಬಿಡಬಹುದಿತ್ತು. ಆದರೆ ಎಲ್ಲವೂ ಕರಾರುವಾಕ್ಕಾಗಿರಬೇಕಲ್ಲ ನನಗೆ! "ಮೊದಲು ಹೋಮ್‌ವರ್ಕ್ ಆಗಿತ್ತು," ಎಂದೆ.

ಅವಳು ಹಾಳೆಗಳನ್ನು ಜೋಡಿಸಿ ಮತ್ತೆ ಅದೇ ಡಬ್ಬಿಯಲ್ಲಿಟ್ಟಳು. "ನೀನು ನೋಡಿದ್ದೆ. ಬಟ್ ಆಂಟಿಗೆ ಹೇಳಿದೆ," ಎಂದಳು. ಸಿಗ್ನಲ್ ಹಸಿರಾಗಿದ್ದದ್ದು ನನಗೆ ಕಾಣಲಿಲ್ಲ, ಹಿಂದಿನ ಕಾರಿನವನು ಹಾರ್ನ್ ಹೊಡೆದ. ಬಣ್ಣ ಬೇಡ, ಮನೆಗೆ ಹೋಗೋಣ ಎಂದಳು.

ಆಂಟಿಯ ಮಾತೂ ಸುಳ್ಳಾಯಿತು, ನನ್ನದಂತೂ ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಒಂದು ಮಗುವಿನಿಂದ ಎರಡನ್ನೂ ಒಂದೇ ಏಟಿಗೆ ಕಿತ್ತುಕೊಂಡಿದ್ದೆ. ಅಂದಿನಿಂದ ನಾನು ಹೇಳುತ್ತಲೇ ಇದ್ದೇನೆ. ನೋಡಿ, ನೋಡಿದ್ದನ್ನೇ, ತರಗತಿಯಲ್ಲಿ ಕಲಿಸಿದ ಹಾಗೆಯೇ ಹೇಳುತ್ತೇನೆ. ಅವಳು ಎದುರಾಡುವುದಿಲ್ಲ, ಮುಖ ಗಂಟಿಕ್ಕುವುದಿಲ್ಲ. ಮಾತು ಮುಗಿಯುವವರೆಗೆ ನಿಂತು ಕೇಳಿ, ಮೇಲೆ ಹೋಗುತ್ತಾಳೆ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಕಳೆದ ವಸಂತದಲ್ಲಿ ಅವಳ ಹೈಸ್ಕೂಲಿನಲ್ಲಿ ಚಿತ್ರಪ್ರದರ್ಶನವಿತ್ತು. ಅವಳ ಚಿತ್ರವೂ ಗೋಡೆಯ ಮೇಲಿದೆಯೆಂದು ನನಗೆ ತಿಳಿದದ್ದು ಶಾಲೆಯ ಇಮೇಲಿನಿಂದ. ಪ್ರತಿ ಚಿತ್ರದ ಪಕ್ಕದಲ್ಲಿ ಅದನ್ನು ಬರೆದ ಮಗು ನಿಂತಿತ್ತು, ಬಂದವರು ಸಾಲಿನಲ್ಲಿ ನೋಡಿಕೊಂಡು ಹೋಗುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ಅವಳ ಚಿತ್ರ ನಮ್ಮಜ್ಜಿಯದು, ಮತ್ತೆ ಮೊದಲಿನಿಂದ ಬರೆದದ್ದು. ಕಿವಿ ಎಲ್ಲಿರಬೇಕೋ ಅಲ್ಲೇ ಇತ್ತು. "ಅಜ್ಜಿ ಕಣ್ಣಲ್ಲಿ ಆ ಸುಸ್ತು ಹೇಗೆ ತಂದೆ? ನಾನು ದಿನಾ ನೋಡಿದ್ದೆ ಆ ಸುಸ್ತು. ನನಗೇ ಮರೆತುಹೋಗಿತ್ತು," ಎಂದೆ. ಯಾವ ಹಾಳೆಯಲ್ಲೂ ಬರೆದಿಟ್ಟ ಮಾತಲ್ಲ ಅದು.

ಅವಳು ಮುಗುಳ್ನಕ್ಕಳು. "ಥ್ಯಾಂಕ್ ಯೂ ಸೋ ಮಚ್ ಫಾರ್ ಕಮಿಂಗ್," ಎಂದಳು. ನನ್ನ ಮುಂದಿದ್ದ ಅಪರಿಚಿತ ದಂಪತಿಗೂ ಅದೇ ನಗು, ಅದೇ ಮಾತು ಕೊಟ್ಟಿದ್ದಳು. ಆಮೇಲೆ ನನ್ನ ಹಿಂದೆ ನಿಂತವರ ಕಡೆಗೆ ತಿರುಗಿದಳು. ನಾನು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ.